ಎಸ್ಟೀಮ್‌ನ ಡಾಂಬರ್ ಶೀಟಿಗೆ ಡ್ರೈ ಐಸ್: ಕೆಲಸ ಭರ್ಜರಿ, ತೂಕ ಮಾತ್ರ ನೀವೇ ನೋಡಿಕೊಳ್ಳಿ

ಹಳೇ ಕಾರಿನ ನೆಲಕ್ಕೆ ಶಬ್ದ ತಡೆಯೋಕೆ ಅಂತ ಕಂಪನಿಯಲ್ಲೇ ಅಂಟಿಸಿ ಕಳಿಸಿದ ಕಪ್ಪು ಡಾಂಬರ್ ಶೀಟ್ ಇರುತ್ತಲ್ಲ, ಅದನ್ನು ಕೀಳೋಕೆ ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್, ಅಂದರೆ ಡ್ರೈ ಐಸ್‌ನಷ್ಟು ಸಲೀಸಾದದ್ದು ನಾನು ಬೇರೆ ನೋಡಿಲ್ಲ. ಆದರೆ ಈ ಹೊಗಳಿಕೆ ಚಪ್ಪಟೆ ನೆಲಕ್ಕೆ ಮಾತ್ರ. ಇಳಿಜಾರು ಜಾಗದಲ್ಲಿ ಅಷ್ಟಕ್ಕಷ್ಟೇ. ಮ್ಯೂಸಿಕ್ ಸಿಸ್ಟಮ್ ಅಂಗಡಿಯಲ್ಲಿ ಹಾಕಿಸುವ ಬೆಳ್ಳಿ ಫಾಯಿಲ್‌ನ ಬ್ಯೂಟೈಲ್ (ಒಂದು ಜಾತಿಯ ರಬ್ಬರ್) ಶೀಟಿಗಂತೂ ಸುಮ್ನೆ ದುಡ್ಡು ದಂಡ. ಮೂರನ್ನೂ ಒಂದೇ ಕಾರಿನಲ್ಲಿ ಮಾಡಿ ನೋಡಿದ್ದೇನೆ, ಅದಕ್ಕೇ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ.

ಕಾರು ಅಪ್ಪನ 1999ರ ಮಾರುತಿ ಎಸ್ಟೀಮ್. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕಡೆಯೆಲ್ಲ ನೀರು ನಿಂತಿತಲ್ಲ, ಆಗ ಅದು ಭಾವನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿತ್ತು. ನೀರು ಸೀಟಿನ ಮಟ್ಟಕ್ಕೆ ಬಂದಿತ್ತು. ಆಮೇಲೆ ಕಾರ್ಪೆಟ್ ತೆಗೆದು ಒಣಗಿಸಿದ್ದಾಯಿತು, ಇಂಜಿನ್ ರಿಪೇರಿ ಆಯಿತು, ಓಡಿಸಿದ್ದೂ ಆಯಿತು. ಮುಗ್ಗಲು ವಾಸನೆ ಮಾತ್ರ ಹೋಗಲೇ ಇಲ್ಲ. ಡ್ರೈವರ್ ಪೆಡಲ್ ಹತ್ತಿರ ಶೀಟಿನ ಅಂಚು ಎದ್ದಿತ್ತು. ಸ್ಕ್ರೂ ಡ್ರೈವರ್‌ನಿಂದ ಎಬ್ಬಿಸಿ ನೋಡಿದರೆ ಅಡಿಯಲ್ಲಿ ಕಂದು ಪುಡಿ. ತುಕ್ಕು ಎಲ್ಲೆಲ್ಲಿ ಹರಡಿದೆ ಅಂತ ತಿಳಿಯಬೇಕಾದರೆ ಶೀಟನ್ನು ಪೂರ್ತಿ ಕೀಳಲೇಬೇಕು. ಶಬ್ದ ಜಾಸ್ತಿಯಾದರೂ ಪರವಾಗಿಲ್ಲ, ಕಾರಿನ ತೂಕ ಇಳಿಯಬೇಕು ಅಂತ ಕೀಳುವವರು ರೇಸಿನವರು. ನಮಗೆ ಬೇಕಾಗಿದ್ದು ತುಕ್ಕಿನ ಲೆಕ್ಕ.

ಈ ಶೀಟನ್ನು ಯಾರೂ ಗೋಂದು ಹಚ್ಚಿ ಅಂಟಿಸಿರುವುದಿಲ್ಲ. ಕಾರ್ಖಾನೆಯಲ್ಲಿ ನೆಲದ ಮೇಲೆ ಹಾಸುತ್ತಾರೆ, ಬಾಡಿ ಪೇಂಟ್ ಓವನ್ ಒಳಗೆ ಹೋದಾಗ ಆ ಶಾಖಕ್ಕೆ ಕರಗಿ ಪ್ರತಿ ಉಬ್ಬಿಗೂ ಗುಳಿಗೂ ಕಚ್ಚಿಕೊಳ್ಳುತ್ತದೆ. ಅದಕ್ಕೇ ಉಳಿಯಲ್ಲಿ ಎಬ್ಬಿಸಿದರೆ ಉಗುರಿನಷ್ಟು ಚೂರು ಬರುತ್ತದೆ. ಹೀಟ್ ಗನ್ ಹಿಡಿದರೆ ಅಂಟಂಟಾಗಿ ಪುಟ್ಟಿ ಬ್ಲೇಡಿಗೆ, ಕೈಗೆ, ಪ್ಯಾಂಟಿಗೆ ಮೆತ್ತಿಕೊಳ್ಳುತ್ತದೆ. ಕಾಮಾಕ್ಷಿಪಾಳ್ಯದಲ್ಲಿ ನಮಗೆ ಗೊತ್ತಿರುವ ಟಿಂಕರಿಂಗ್ ಅಣ್ಣ ಗ್ಯಾಸ್ ಟಾರ್ಚ್ ಹಿಡಿದು ಕೀಳೋಣ ಎಂದರು. ಪೆಟ್ರೋಲ್ ಪೈಪು ನೆಲದ ಕೆಳಗೇ ಹೋಗುತ್ತದೆ, ಬೇಡ ಅಂದೆ.

ನನ್ನ ಕೆಲಸ ಲ್ಯಾಬ್ ಸ್ಯಾಂಪಲ್‌ಗಳನ್ನು ಊರೂರಿಗೆ ಕಳಿಸುವುದು. ರಕ್ತದ ಸೀರಮ್ಮು, ಬಯಾಪ್ಸಿ ಚೂರು, ಹೀಗೆ ಹೆಪ್ಪುಗಟ್ಟಿಯೇ ಹೋಗಬೇಕಾದ ಮಾಲು. ಡ್ರೈ ಐಸ್ ತುಂಬಿ ವಿಮಾನಕ್ಕೆ ಹಾಕುವ ಡಬ್ಬಿಯ ಮೇಲೆ ಅದರ ಅಪಾಯದ ಸರಕಿನ ನಂಬರ್ ಯುಎನ್ 1845 ಅಂತ ಬರೆದು, ಕಪ್ಪು ಪಟ್ಟೆಯ ಒಂಬತ್ತನೇ ಕ್ಲಾಸ್ ಲೇಬಲ್ ಅಂಟಿಸುವುದು ದಿನಾ ಇದ್ದದ್ದೇ. ಹಾಗಾಗಿ ಡ್ರೈ ಐಸ್ ಅಂದರೆ ನನಗೆ ಹೊಸದಲ್ಲ. ಆಫೀಸಿನ ಮಾಲನ್ನು ಮನೆ ಕೆಲಸಕ್ಕೆ ತರುವಂತಿಲ್ಲ, ಆದ್ದರಿಂದ ಹೊರಗಿನ ಸಪ್ಲೈಯರ್ ಒಬ್ಬರ ಹತ್ತಿರ ಆರ್ಡರ್ ಕೊಟ್ಟೆ. ಹೆಸರು ಬೇಡ.

ಕೆಜಿಗೆ 110 ರೂಪಾಯಿ, 15 ಕೆಜಿ, ಮನೆಗೆ ತಂದುಕೊಡಲು 400. ಫೋನಿನಲ್ಲಿ ಮಾತು ಚೆನ್ನಾಗಿಯೇ ಇತ್ತು. ಹೇಳಿದ ಟೈಮಿಗೆ ಗಾಡಿಯೂ ಬಂತು. ಆದರೆ ಡಬ್ಬಿ ಎತ್ತಿದಾಗಲೇ ಹಗುರ ಅನ್ನಿಸಿತು. ಮನೆಯಲ್ಲಿದ್ದ ತಕ್ಕಡಿಗೆ ಇಟ್ಟೆ. ತರ್ಮಕೋಲ್ ಡಬ್ಬಿಯ ತೂಕ ಕಳೆದರೆ 12 ಕೆಜಿ ಮೇಲೆ ಸ್ವಲ್ಪ. ಕೇಳಿದ್ದಕ್ಕೆ “ಗಾಳಿಗೆ ಹೋಗಿರುತ್ತೆ ಮೇಡಂ” ಎಂದರು. ಹೋಗುತ್ತೆ, ನಿಜ. ಡ್ರೈ ಐಸ್ ಅಂದರೆ ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್. ಅದು ಕರಗಿ ನೀರಾಗುವುದಿಲ್ಲ, ಮೈನಸ್ 78.5 ಡಿಗ್ರಿಯಲ್ಲಿ ನೇರವಾಗಿ ಗ್ಯಾಸ್ ಆಗುತ್ತದೆ. ದಪ್ಪ ತರ್ಮಕೋಲ್‌ನಲ್ಲಿಟ್ಟರೂ ದಿನಕ್ಕೆ ಒಂದೆರಡು ಕೆಜಿ ಕಡಿಮೆಯಾಗುವುದು ಸಹಜ. ಆದರೆ ಬೆಳಿಗ್ಗೆ ತುಂಬಿ ಬೆಳಿಗ್ಗೆಯೇ ಕಳಿಸಿದ್ದು ಮೂರು ಕೆಜಿ ಹತ್ತಿರ ಹೋಗುತ್ತದೆಯೇ? ಹಿಂದಿನ ಸಂಜೆಯೇ ತುಂಬಿಟ್ಟಿದ್ದರು ಅನ್ನುವುದು ಡ್ರೈವರ್ ಬಾಯಿಂದಲೇ ಬಂತು. ಬಿಲ್ಲಿನಲ್ಲಿ ಒಂದು ರೂಪಾಯಿಯೂ ಇಳಿಸಲಿಲ್ಲ. ಮಾಲಿಗೆ ಪೂರ್ತಿ ಮಾರ್ಕ್ಸ್, ಮಾರಿದವರಿಗೆ ಅರ್ಧ. ನೀವು ತರಿಸುವುದಾದರೆ ತುಂಬಿದ ಸಮಯವನ್ನು ಡಬ್ಬಿಯ ಮೇಲೆ ಬರೆಸಿ, ತೂಕ ಹಾಕಿಸಿಯೇ ದುಡ್ಡು ಕೊಡಿ.

ಇನ್ನೊಂದು ಮಾತು. ದೊಡ್ಡ ಬ್ಲಾಕ್ ಕೊಡುತ್ತೇವೆ, ಅಗ್ಗ ಆಗುತ್ತದೆ ಅಂತಾರೆ, ಬೇಡ ಅನ್ನಿ. ಬ್ಲಾಕನ್ನು ಒಡೆಯುವಷ್ಟರಲ್ಲಿ ಅರ್ಧ ಸಮಯ ಹೋಗುತ್ತದೆ. ಪೆಲೆಟ್, ಅಂದರೆ ಕಡ್ಡಿಯಂಥ ಸಣ್ಣ ತುಂಡು ಕೇಳಿ. ಅದರಲ್ಲೂ 3 ಮಿಲಿಮೀಟರ್‌ನ ಸಣ್ಣ ಪೆಲೆಟ್ ಸಿಕ್ಕರೆ ಬಿಡಬೇಡಿ. ದಪ್ಪ ಪೆಲೆಟ್ ಅಲ್ಲೊಂದು ಇಲ್ಲೊಂದು ಬಿಂದುವಿನಲ್ಲಿ ತಾಗುತ್ತದೆ. ಸಣ್ಣದು ಶೀಟಿನ ಮೇಲೆ ಪೂರ್ತಿ ಕೂರುತ್ತದೆ, ತಂಪು ಬೇಗ ಒಳಕ್ಕೆ ಇಳಿಯುತ್ತದೆ.

ಗಾಡಿ ಬರುವ ಮುಂಚೆಯೇ ಕಾರು ತಯಾರಿರಬೇಕು. ಬ್ಯಾಟರಿ ಕನೆಕ್ಷನ್ ಬಿಚ್ಚಿ, ಸೀಟು, ಬೆಲ್ಟು, ಕಾರ್ಪೆಟ್ ಎಲ್ಲ ಹೊರಗಿಟ್ಟಿದ್ದೆವು. ಬಾಗಿಲ ಅಂಚಿನಲ್ಲಿ ಹೋಗುವ ವೈರಿನ ಕಟ್ಟನ್ನು ಪಕ್ಕಕ್ಕೆ ಸರಿಸಿದ್ದೆವು. ಆ ತಂಪಿಗೆ ವೈರಿನ ಪ್ಲಾಸ್ಟಿಕ್ ಕೋಟು ಪೆಡಸಾಗುತ್ತದೆ, ಆಗ ಬಗ್ಗಿಸಿದರೆ ಸೀಳುತ್ತದೆ.

ಮೊದಲು ಡ್ರೈವರ್ ಪಕ್ಕದ ಸೀಟಿನ ಕೆಳಗಿನ ಜಾಗಕ್ಕೆ ಮೊರದಷ್ಟು ಅಗಲಕ್ಕೆ ಪೆಲೆಟ್ ಸುರಿದು, ಮೇಲೆ ಗೋಣಿಚೀಲ ಮುಚ್ಚಿದೆ. ಮುಚ್ಚದಿದ್ದರೆ ತಂಪೆಲ್ಲ ಮೇಲಕ್ಕೆ ಪೋಲು. ಒಂದೆರಡು ನಿಮಿಷ ಏನೂ ಇಲ್ಲ. ಆಮೇಲೆ ಗೋಣಿಯ ಅಡಿಯಿಂದ “ಟಿಕ್” ಅಂತ ಒಂದು ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಚಟಪಟ ಚಟಪಟ ಶುರುವಾಯಿತು. ತಂಪಿಗೆ ಉಕ್ಕೂ ಕುಗ್ಗುತ್ತದೆ, ಡಾಂಬರೂ ಕುಗ್ಗುತ್ತದೆ. ಆದರೆ ಡಾಂಬರು ಕುಗ್ಗುವುದು ಉಕ್ಕಿನ ಎಷ್ಟೋ ಪಟ್ಟು. ಜೊತೆಗೆ ಅಷ್ಟು ಚಳಿಯಲ್ಲಿ ಅದಕ್ಕೆ ಬಗ್ಗುವ ಗುಣವೇ ಇರುವುದಿಲ್ಲ. ಹಿಡಿದುಕೊಳ್ಳಲೂ ಆಗದೆ, ಎಳೆಯಲೂ ಆಗದೆ ತಾನೇ ಬಿಟ್ಟುಕೊಡುತ್ತದೆ.

ಹತ್ತು ನಿಮಿಷಕ್ಕೆ ಗೋಣಿ ತೆಗೆದು, ಪೆಲೆಟ್‌ಗಳನ್ನು ಮೊರದಿಂದ ಪಕ್ಕದ ಜಾಗಕ್ಕೆ ತಳ್ಳಿದೆ. ಭಾವ ರಬ್ಬರ್ ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು ಕೊಟ್ಟರು. ಕಡ್ಲೆ ಚಿಕ್ಕಿ ಮುರಿದ ಹಾಗೆ ಅಂಗೈಯಗಲದ ತುಂಡುಗಳಾಗಿ ಬಂತು. ಬ್ಲೇಡನ್ನು ಅಡಿಗೆ ತೂರಿಸಿದರೆ ಇಡೀ ತುಂಡು ಎದ್ದು ಬರುತ್ತದೆ. ಅಡಿಯ ಪೇಂಟು 1999ರಲ್ಲಿ ಇದ್ದ ಹಾಗೇ ಹೊಳೆಯುತ್ತಿತ್ತು, ತುಕ್ಕು ಹಿಡಿದಲ್ಲಿ ಬಿಟ್ಟು. ನೋಡುತ್ತಾ ನಿಂತಿದ್ದ ಟಿಂಕರಿಂಗ್ ಅಣ್ಣ, “ಮೇಡಂ, ಇದು ಮದುವೆ ಸ್ಟೇಜಲ್ಲಿ ಗಂಡು ಹೆಣ್ಣು ಬರೋವಾಗ ಬಿಡ್ತಾರಲ್ಲ, ಅದೇ ಹೊಗೆ ಅಲ್ವಾ?” ಎಂದರು. ಅದೇ ಅಣ್ಣ, ಎಂದೆ. ಆಮೇಲೆ ಅವರೇ ಬ್ಲೇಡ್ ಕಸಿದುಕೊಂಡು ಕೂತರು.

ಕಬ್ಬಿಣದ ಸುತ್ತಿಗೆ ಬೇಡ, ಆ ತಗಡು ತೀರಾ ತೆಳು. ತಣ್ಣಗಿರುವಾಗಲೇ ಕೆಲಸ ಮುಗಿಸಬೇಕು, ಐದು ನಿಮಿಷ ಹರಟೆ ಹೊಡೆದರೆ ಶೀಟ್ ಮತ್ತೆ ಮೆತ್ತಗಾಗುತ್ತದೆ. ಕೈಗೆ ವೆಲ್ಡಿಂಗಿನವರು ಹಾಕುವ ಚರ್ಮದ ಗ್ಲೌಸ್ ಬೇಕು. ಆಸ್ಪತ್ರೆಯ ತೆಳು ಗ್ಲೌಸ್ ಯಾವ ಲೆಕ್ಕಕ್ಕೂ ಇಲ್ಲ. ಬರಿಗೈಯಲ್ಲಿ ಹಿಡಿದರೆ ಸುಟ್ಟಂಥದ್ದೇ ಗಾಯ. ಚೂರು ಸಿಡಿಯುವುದರಿಂದ ಕಣ್ಣಿಗೆ ಕನ್ನಡಕ.

ಗಾಯಕ್ಕಿಂತ ಗ್ಯಾಸ್ ಅಪಾಯ, ಅದನ್ನು ಜನ ಹಗುರ ಮಾಡುತ್ತಾರೆ. ಒಂದು ಕೆಜಿ ಡ್ರೈ ಐಸ್ ಸುಮಾರು 540 ಲೀಟರ್ ಗ್ಯಾಸ್ ಆಗುತ್ತದೆ. ಇಂಥ ಕಾರಿನೊಳಗೆ ಹಿಡಿಯುವ ಗಾಳಿಯೇ ಎರಡೂವರೆ ಮೂರು ಸಾವಿರ ಲೀಟರ್. ಈ ಗ್ಯಾಸ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಹಾಗಾಗಿ ನೆಲದಲ್ಲೇ ನಿಲ್ಲುತ್ತದೆ. ನೀವೂ ಮಂಡಿಯೂರಿ ಮೂಗನ್ನು ಅಲ್ಲೇ ಇಟ್ಟಿರುತ್ತೀರಿ. ಗಾಳಿಯಲ್ಲಿ 10 ಪರ್ಸೆಂಟ್ ಮುಟ್ಟಿದರೆ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ನಾವು ಕಾರನ್ನು ರಸ್ತೆ ಬದಿಗೆ ತಂದು, ನಾಲ್ಕೂ ಬಾಗಿಲು, ಡಿಕ್ಕಿ ತೆರೆದು, ಒಂದು ಪೆಡೆಸ್ಟಲ್ ಫ್ಯಾನ್ ಇಟ್ಟೇ ಕೂತಿದ್ದು. ಬೇಸ್‌ಮೆಂಟಿನಲ್ಲಿ, ಶೆಡ್ಡಿನ ಶಟರ್ ಎಳೆದುಕೊಂಡು ಇದನ್ನು ಮಾಡಲೇಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಮೌತ್ ಫ್ರೆಶ್ನರ್ ಅಂದುಕೊಂಡು ಇದನ್ನು ಬಾಯಿಗೆ ಹಾಕಿಕೊಂಡ ಐದು ಜನ ಆಸ್ಪತ್ರೆ ಸೇರಿದ್ದು ನೆನಪಿದೆಯಲ್ಲ? ಉಳಿದದ್ದನ್ನು ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿದರೆ ಡಬ್ಬ ಸಿಡಿಯುತ್ತದೆ. ಮನೆ ಫ್ರೀಜರ್‌ನಲ್ಲಿಟ್ಟು ಪ್ರಯೋಜನವಿಲ್ಲ, ಅದು ಮೈನಸ್ 18ರ ಹತ್ತಿರ ಇರುವುದು, ಇದರ ಲೆಕ್ಕದಲ್ಲಿ ಅದು ಬಿಸಿ ಒಲೆ.

ಇನ್ನು ಇಳಿಜಾರು. ಗೇರ್ ಹಿಂದಿನ ಉಬ್ಬಿನ ಪಕ್ಕ, ಪೆಡಲ್ ಮೇಲಿನ ಗೋಡೆ, ಅಲ್ಲೆಲ್ಲ ಪೆಲೆಟ್ ನಿಲ್ಲುವುದಿಲ್ಲ, ಜಾರಿ ಬೀಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಜೊತೆ ಕಲಸಿ ಗೊಜ್ಜಿನ ಹಾಗೆ ಮಾಡಿ ಹಚ್ಚುವ ಪದ್ಧತಿ ಇದೆ. ಆ ಆಲ್ಕೋಹಾಲ್ ಮೈನಸ್ 89ರ ತನಕ ಹೆಪ್ಪುಗಟ್ಟುವುದಿಲ್ಲ, ಆದ್ದರಿಂದ ಅಂಟಿಕೊಂಡು ಚೆನ್ನಾಗಿಯೇ ತಂಪು ಮಾಡುತ್ತದೆ. ಆದರೆ ಅದು ಬೆಂಕಿ ಹತ್ತುವ ವಸ್ತು, ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಕಿಡಿ ಹಾರುತ್ತಿತ್ತು. ನಾನು ಹಳೇ ದಿಂಬಿನ ಕವರಿಗೆ ಪೆಲೆಟ್ ತುಂಬಿ, ಗ್ಲೌಸ್ ಹಾಕಿ ಒತ್ತಿ ಹಿಡಿದೆ. ಕೆಲಸ ಆಯಿತು, ಆದರೆ ತೋಳು ಸೋತಿತು. ಶೀಟ್ ಬಂದದ್ದೂ ಅಂಗೈ ಅಗಲ ಅಲ್ಲ, ಬೆರಳಗಲ. ಕೊನೆಗೆ ಆ ಗೋಡೆಯ ಮೂಲೆಗಳನ್ನು ಹೀಟ್ ಗನ್ನಿನಲ್ಲೇ ಮುಗಿಸಿದೆವು.

ಡಿಕ್ಕಿಯಲ್ಲಿ ಭಾವ ಹಿಂದೆ ಸ್ಪೀಕರ್ ಹಾಕಿಸಿದಾಗ ಅಂಟಿಸಿದ್ದ ಬ್ಯೂಟೈಲ್ ಶೀಟಿತ್ತು. ಅದರ ಮೇಲೂ ಸುರಿದು ನೋಡಿದೆ. ಫಾಯಿಲ್ ಮೇಲೆ ಹಿಮ ಕಟ್ಟಿತು, ಅಷ್ಟೇ. ರಬ್ಬರ್ ಜಾತಿಯದ್ದು, ಚಳಿ ಜೋರಾದರೆ ಗಟ್ಟಿಯಾಗುತ್ತದೆ, ಆದರೆ ಚೂರಾಗಿ ಸಿಡಿಯುವುದಿಲ್ಲ. ಬಿಟ್ಟೆ.

ಕೆಲಸ ಮುಗಿದ ತಕ್ಷಣ ತಗಡಿನ ಮೇಲೆ ಗಾಳಿಯ ತೇವವೆಲ್ಲ ಬಿಳಿ ಹಿಮವಾಗಿ ಕೂತಿರುತ್ತದೆ. ಅರ್ಧ ಗಂಟೆಗೆ ಅದು ನೀರು. ತುಕ್ಕಿಗೆ ಹೆದರಿ ಶೀಟ್ ಕಿತ್ತವರು ಆ ನೀರನ್ನು ಹಾಗೇ ಬಿಡಬಾರದು. ಬಟ್ಟೆಯಲ್ಲಿ ಒರೆಸಿ ಫ್ಯಾನ್ ಹಾಕಿ ಒಣಗಿಸಿದೆವು. ಉಳಿದ ಕಪ್ಪು ಕಲೆಗೆ ಮಿನರಲ್ ಟರ್ಪೆಂಟೈನ್, ಹಳೇ ಬನಿಯನ್ನು. ನೆಲದ ರಬ್ಬರ್ ಬಿರಡೆಗಳ ಸುತ್ತ ಮೂರು ಕಡೆ ತಗಡು ತೂತಾಗಿತ್ತು, ಪೆಡಲ್ ಹತ್ತಿರ ಬೆರಳು ತೂರುವಷ್ಟು. ಶೀಟ್ ಇದ್ದಿದ್ದರೆ ಇದು ಯಾರಿಗೂ ಕಾಣುತ್ತಿರಲಿಲ್ಲ. ಅಲ್ಲಿ ಹೊಸ ತಗಡು ವೆಲ್ಡ್ ಮಾಡಿ, ರೆಡ್ ಆಕ್ಸೈಡ್ ಹೊಡೆದು, ಸೀಲಂಟ್ ತುಂಬಿ ಆಯಿತು. ಹೊಸ ಶೀಟ್ ಇನ್ನೂ ಹಾಕಿಲ್ಲ. ಸದ್ಯಕ್ಕೆ ಕಾರಿನಲ್ಲಿ ಕೂತರೆ ರಸ್ತೆಯ ಪ್ರತಿ ಕಲ್ಲಿನ ಮಾತೂ ಕೇಳುತ್ತದೆ, ಅಪ್ಪ ಮಾತ್ರ ಕಿವಿ ಮಂದ ಆದ್ದರಿಂದ ಖುಷಿಯಾಗಿದ್ದಾರೆ.

ಒಟ್ಟು 2,050 ರೂಪಾಯಿ. ತಂದದ್ದು ಪೂರ್ತಿ 15 ಕೆಜಿ ಇದ್ದಿದ್ದರೆ ಹಿಂದಿನ ಸೀಟಿನ ಕೆಳಗಿನ ಭಾಗವೂ ಇದರಲ್ಲೇ ಮುಗಿಯುತ್ತಿತ್ತು. ಇದಕ್ಕಿಂತ ಸಣ್ಣ ಕಾರಿಗೆ, ಮಾರುತಿ 800 ಥರದ್ದಕ್ಕೆ, 10 ಕೆಜಿ ಸಾಕು ಅನ್ನಿಸುತ್ತದೆ. ಡೀಟೇಲಿಂಗ್ ಅಂಗಡಿಗಳ ಡ್ರೈ ಐಸ್ ಬ್ಲಾಸ್ಟಿಂಗ್ ಬೇರೆ ವಿಷಯ, ಅದು ಕೊಳೆ ತೆಗೆಯೋಕೆ, ಇದಕ್ಕಲ್ಲ. ಬರೀ ಬ್ಯೂಟೈಲ್ ಕೀಳಬೇಕಾದವರು ಇದಕ್ಕೆ ದುಡ್ಡು ಹಾಕಬೇಡಿ, ಬಾಡಿಗೆಗೆ ಒಂದು ಹೀಟ್ ಗನ್ ತಂದು ಮೆತ್ತಗೆ ಎಳೆಯಿರಿ.