ಠಾಣೆಯಿಂದ ಕರೆ ಬಂದಾಗ: ನ್ಯಾಯದೇಗುಲದ ಉಚಿತ ಕಾನೂನು ನೆರವು

ಆತ್ಮರಕ್ಷಣೆಗೆ ಕೊಟ್ಟ ಏಟಿನಿಂದ ಎದುರಾಳಿ ಸತ್ತಾಗ, ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ (ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ) ಸಿಗುವ ಈ ಸೇವೆ ನಿಜಕ್ಕೂ ಆಸರೆ. ಸಹಾಯವಾಣಿ 15100. ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ ಆದಾಯ ಮಿತಿಯಿಲ್ಲದೆ ವಕೀಲರು ಸಿಗುತ್ತಾರೆ. ಬಂಧನಕ್ಕೆ ಮುಂಚೆ ಉಳಿದ ಹಲವರಿಗೆ ಆದಾಯ ಮಿತಿ ಅಡ್ಡ ಬರುತ್ತದೆ. ಇದೇ ದೊಡ್ಡ ಕೊರತೆ, ಏಕೆಂದರೆ ಎಡವಟ್ಟಾಗುವುದು ಆಗಲೇ.

ವಕೀಲರಿಗೆ ಮೊದಲು ನೋಟಿಸ್ ತೋರಿಸಿ. ಅದರಲ್ಲಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 179 ಎಂದಿದ್ದರೆ ಸಾಕ್ಷಿಯಾಗಿ ಕರೆದಿದ್ದಾರೆ, ಅದು ಬಂಧನವಲ್ಲ. ಆದರೂ ಕೊಲೆ ಆರೋಪದಲ್ಲಿ ಸಾಕಷ್ಟು ಆಧಾರವಿದ್ದರೆ ವಾರಂಟ್ ಇಲ್ಲದೆಯೂ ಬಂಧಿಸಬಹುದು. 'ಆತ್ಮರಕ್ಷಣೆ' ಎಂದ ಮಾತ್ರಕ್ಕೆ ಅದು ತಪ್ಪದು. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ವಿಚಾರಣೆ ನಡುವೆ ವಕೀಲರನ್ನು ಕಾಣಬಹುದು, ಆದರೆ ಅವರು ಪೂರ್ತಿ ಹೊತ್ತು ಪಕ್ಕದಲ್ಲಿರಲು ಅವಕಾಶವಿಲ್ಲ.

ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಬೇಕಿಲ್ಲ. ನಿಮ್ಮ ಮೈಮೇಲಿನ ಗಾಯಗಳನ್ನು ವೈದ್ಯಕೀಯ ತಪಾಸಣೆಯಲ್ಲಿ ಬರೆಸಿ, ವರದಿಯ ಪ್ರತಿ ಪಡೆಯಿರಿ. ಇದನ್ನು ಮರೆತರೆ ಆತ್ಮರಕ್ಷಣೆಯ ವಾದದ ಬಲ ಕುಗ್ಗಬಹುದು; ಅದನ್ನು ತೋರಿಸಿಕೊಡುವ ಹೊಣೆ ಆರೋಪಿಯದೇ.