ಬೋರ್ಡೋ ವೈನ್ ಹೊಸಬರಿಗೆ: ಮೊದಲು ಈ ಬಾರ್‌ನಲ್ಲಿ ಕೂತುಕೊಳ್ಳಿ

ಫ್ರಾನ್ಸಿನ ಬೋರ್ಡೋಗೆ ಹೋದ ಮೊದಲ ದಿನವೇ ದ್ರಾಕ್ಷಿ ತೋಟಗಳ ವ್ಯಾನ್ ಟೂರ್ ಬುಕ್ ಮಾಡಬೇಡಿ. ನಾವು ಹೋದ ಟೂರ್‌ನಲ್ಲಿ ದೊಡ್ಡ ದೊಡ್ಡ ಶಾತೋಗಳ (ವೈನ್ ಮಾಡುವ ಎಸ್ಟೇಟುಗಳ) ಗೇಟು ನೋಡಿದ್ದೇ ಜಾಸ್ತಿ, ರುಚಿ ನೋಡಿದ್ದು ಎರಡು ಗುಟುಕು. ಅದರ ಬದಲು ಊರಿನ ನಡುವೆ, ಗ್ರಾಂ ತೆಯಾತ್ರ್ ಅನ್ನುವ ದೊಡ್ಡ ರಂಗಮಂದಿರದ ಎದುರಿಗಿರುವ ‘ಬಾರ್ ಆ ವಾಂ’ ಅನ್ನುವ ವೈನ್ ಬಾರ್‌ಗೆ ಹೋಗಿ. ಮೂಲೆ ಚೂಪಾದ ಹಳೇ ಕಟ್ಟಡ, ಹುಡುಕುವುದೇ ಬೇಡ. ನಡೆಸುವುದು ಬೋರ್ಡೋ ವೈನ್ ಮಂಡಳಿ. ಹಾಗಾಗಿ ಯಾವುದೋ ಒಂದೇ ಶಾತೋದ ಮಾಲನ್ನು ನಿಮ್ಮ ತಲೆಗೆ ಕಟ್ಟುವ ಆತುರ ಇಲ್ಲಿಲ್ಲ, ಕೆಲವೇ ಯೂರೋಗೆ ಗ್ಲಾಸ್ ಲೆಕ್ಕದಲ್ಲಿ ಸಿಗುತ್ತದೆ.

ಕೂತ ತಕ್ಷಣ ಎರಡು ಕೆಂಪು ವೈನ್ ಒಟ್ಟಿಗೆ ಕೇಳಿ: ಇಲ್ಲಿನ ನದಿಗಳ ಎಡದಂಡೆಯ ಮೆಡೊಕ್ ಪ್ರದೇಶದ್ದು ಒಂದು, ಬಲದಂಡೆಯ ಸಾಂತ್ ಎಮಿಲಿಯೋಂ ಊರಿನದ್ದು ಒಂದು. ಒಂದು ಗುಟುಕು ಇದು, ಒಂದು ಗುಟುಕು ಅದು. ಮೆಡೊಕ್ ಕುಡಿದಾಗ ಹಸಿ ಅಡಿಕೆ ಜಗಿದ ಹಾಗೆ ಒಸಡೆಲ್ಲ ಒಗರು, ನಾಲಿಗೆ ಒಣಗುತ್ತದೆ; ಸಾಂತ್ ಎಮಿಲಿಯೋಂ ಮೆತ್ತಗೆ, ಹಣ್ಣಿನ ರುಚಿ ಮುಂದೆ. ವ್ಯತ್ಯಾಸ ದ್ರಾಕ್ಷಿಯದ್ದು, ಯಾವ ದ್ರಾಕ್ಷಿ ಅಂತ ಹೇಳುವುದು ಮಣ್ಣು. ಎಡದಂಡೆಯಲ್ಲಿ ನದಿ ತಂದು ಹಾಕಿದ ಬೆಣಚುಕಲ್ಲು, ನೀರು ಬೇಗ ಬಸಿದು ಹೋಗುತ್ತದೆ, ಬಿಸಿಲಿಗೆ ಬಿಸಿಯಾಗುತ್ತದೆ, ಆದ್ದರಿಂದ ತಡವಾಗಿ ಹಣ್ಣಾಗುವ ಕಾಬರ್ನೆ ಸೊವಿನ್ಯೋಂ ದ್ರಾಕ್ಷಿ ಅಲ್ಲಿ ಚೆನ್ನಾಗಿ ಮಾಗುತ್ತದೆ. ಬಲದಂಡೆಯಲ್ಲಿ ಜೇಡಿಮಣ್ಣು, ಸುಣ್ಣಕಲ್ಲು. ಅಲ್ಲಿ ಬೇಗ ಮಾಗುವ ಮೆರ್ಲೋದ್ದೇ ರಾಜ್ಯಭಾರ. (ನಂದಿ ಬೆಟ್ಟದ ಹತ್ತಿರದ ಗ್ರೋವರ್ ವೈನ್‌ಗೆ ಸಲಹೆಗಾರರಾಗಿದ್ದ ಮಿಶೆಲ್ ರೋಲಾಂ ಇದೇ ಬಲದಂಡೆಯವರು.) ಬಾಟಲಿ ಮೇಲೆ ಸಾಮಾನ್ಯವಾಗಿ ದ್ರಾಕ್ಷಿ ಹೆಸರು ಇರುವುದಿಲ್ಲ, ಊರಿನ ಹೆಸರೇ ಇರುತ್ತದೆ. ಅದಕ್ಕೇ ಈ ದಂಡೆ ಲೆಕ್ಕ ಒಂದು ಗೊತ್ತಿದ್ದರೆ ಅಂಗಡಿಯಲ್ಲಿ ಅರ್ಧ ಕೆಲಸ ಆದಂತೆ.

ಎಲ್ಲರೂ ಬೋರ್ಡೋ ಶಾತೋಗಳನ್ನು ದರ್ಜೆಗಳಾಗಿ ವಿಂಗಡಿಸಿದ 1855ರ ಶ್ರೇಣಿ ಪಟ್ಟಿ ಬಗ್ಗೆ ಮಾತಾಡುತ್ತಾರೆ. ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಅಂತ ದಲ್ಲಾಳಿಗಳು ಆಗಿನ ಮಾರುಕಟ್ಟೆ ಬೆಲೆ ನೋಡಿ ಮಾಡಿದ್ದು ಅದು. ಸಾಂತ್ ಎಮಿಲಿಯೋಂ ಅದರಲ್ಲಿ ಇಲ್ಲವೇ ಇಲ್ಲ. 1973ರಲ್ಲಿ ಮೆಡೊಕ್‌ನ ಮೂತೋಂ ರೋತ್‌ಶಿಲ್ಡ್ ಶಾತೋ ಎರಡನೇ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದು ಬಿಟ್ಟರೆ ದರ್ಜೆಗಳು ಇವತ್ತಿಗೂ ಹಾಗೇ ಇವೆ. ಹೊಸಬರು ಅದನ್ನು ಬಾಯಿಪಾಠ ಮಾಡುವ ಅಗತ್ಯ ಇಲ್ಲ ಬಿಡಿ.

ಕೊನೆಗೆ ಸೊತೆರ್ನ್ ಅನ್ನುವ ಸಿಹಿ ಬಿಳಿ ವೈನ್ ಒಂದು ಚಿಕ್ಕ ಗ್ಲಾಸ್ ತಗೊಳ್ಳಿ. ತಣ್ಣನೆಯ ಸಿರೋಂ ಹೊಳೆ ಗಾರೋನ್ ನದಿಗೆ ಸೇರುವ ಕಡೆ ಶರತ್ಕಾಲದ ಬೆಳಿಗ್ಗೆ ಮಂಜು ಕವಿಯುತ್ತದೆ, ಆ ತೇವಕ್ಕೆ ದ್ರಾಕ್ಷಿಗೆ ಬೂಷ್ಟು ಹಿಡಿದು, ಮಧ್ಯಾಹ್ನದ ಬಿಸಿಲಿಗೆ ಮುದುಡಿ, ಸಿಹಿ ಗಟ್ಟಿಯಾಗುತ್ತದೆ. ಬೂಷ್ಟು ಅಂತ ಮುಖ ಸಿಂಡರಿಸಬೇಡಿ! ಜೇನು ಬಣ್ಣ, ಸಿಹಿಯ ಹಿಂದೆಯೇ ಹುಳಿ. ಉಪ್ಪುಪ್ಪಾದ ನೀಲಿ ಚೀಸ್ ಜೊತೆ ಸಿಕ್ಕರೆ ಬಿಡಬೇಡಿ.

ಊಟ ಇಲ್ಲಿ ನಿರೀಕ್ಷಿಸಬೇಡಿ, ಚೀಸ್ ತಟ್ಟೆ, ಮಾಂಸದ ತಟ್ಟೆ ಅಷ್ಟೇ. ಸಸ್ಯಾಹಾರಿಗಳಿಗೆ ಚೀಸ್, ಬ್ರೆಡ್ಡೇ ಗತಿ, ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೋಗಿ. ಸಂಜೆ ಜಾಗ ಸಿಗುವುದು ಕಷ್ಟ, ಮಧ್ಯಾಹ್ನ ವಾಸಿ. ಇನ್ನೂ ಆಸಕ್ತಿ ಇದ್ದರೆ ಮಂಡಳಿಯದ್ದೇ ವೈನ್ ಶಾಲೆಯಲ್ಲಿ ಎರಡು ಗಂಟೆಯ ಆರಂಭಿಕ ಪಾಠವೂ ಇದೆ, ಇಂಗ್ಲಿಷ್‌ನಲ್ಲೂ ಹೇಳಿಕೊಡುತ್ತಾರೆ. ಟೂರ್ ಬೇಕಿದ್ದರೆ ಅದಾದ ಮೇಲೆ ನೋಡಿ.