ಮರಿ ಗಿಡುಗಗಳ ಮೊದಲ ಹಾರಾಟದ ಕಾವಲಿಗೆ ನಿಕಾನ್ ಮೊನಾರ್ಕ್ ಎಂ7 8×42: ಒಂದು ವಿಮರ್ಶೆ

ಪೆರೆಗ್ರಿನ್ ಫಾಲ್ಕನ್ ಎಂಬ ಗಿಡುಗದ ಮರಿಯೊಂದು ಗೋಪುರದ ಸಜ್ಜಾದ ಅಂಚು ಬಿಟ್ಟು ಗಾಳಿಗೆ ಬಿತ್ತೆಂದರೆ, ಅದು ನೆಲಕ್ಕೆ ಬಿದ್ದರೆ ಕಾಪಾಡಲೆಂದು ಕೆಳಗೆ ಕಾಯುತ್ತಿರುವ ಸ್ವಯಂಸೇವಕರಿಗೆ ಸಿಗುವುದು ನಾಲ್ಕೈದು ಸೆಕೆಂಡು. ಮರಿ ಯಾವ ಕಟ್ಟಡದ ಹಿಂದಕ್ಕೆ ಹೋಯಿತು, ಎಷ್ಟು ಎತ್ತರದಲ್ಲಿತ್ತು, ರೆಕ್ಕೆ ಬಡಿಯುತ್ತಿತ್ತೋ ಸುಮ್ಮನೆ ಜಾರುತ್ತಿತ್ತೋ, ಇಷ್ಟೂ ಅಷ್ಟರೊಳಗೆ ಕಣ್ಣಿಗೆ ಸಿಗಬೇಕು. ಸಿಗದಿದ್ದರೆ ಮುಂದಿನ ಎರಡು ಮೂರು ಗಂಟೆ ಬೀದಿ ಬೀದಿ ಅಲೆದು ಹುಡುಕಬೇಕು. ಅಷ್ಟರಲ್ಲಿ ಮರಿ ರಸ್ತೆಯ ಮಧ್ಯದಲ್ಲಿ ಕೂತಿರಬಹುದು. ಹಾಗಾಗಿ ಈ ಕೆಲಸಕ್ಕೆ ಕೊಳ್ಳುವ ಬೈನಾಕ್ಯುಲರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ದೊಡ್ಡದಾಗಿ ತೋರಿಸುತ್ತೆ?" ಅಲ್ಲ, "ಎಷ್ಟು ಅಗಲ ತೋರಿಸುತ್ತೆ?" ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿಲಿಮೀಟರ್ ಅಗಲದ ಮುಂದಿನ ಮಸೂರಗಳಿರುವ ಬೈನಾಕ್ಯುಲರ್ ಮೊನಾರ್ಕ್ ಎಂ7 8×42 ಗೆಲ್ಲುವುದು ಇಲ್ಲೇ.

ಇದರ ನೋಟದ ಅಗಲ 8.3 ಡಿಗ್ರಿ, ಅಂದರೆ 1000 ಮೀಟರ್ ದೂರದಲ್ಲಿ 145 ಮೀಟರ್. ಇದೇ ಸರಣಿಯ 10×42ರಲ್ಲಿ 6.9 ಡಿಗ್ರಿ, 121 ಮೀಟರ್. ಕಾಗದದ ಮೇಲೆ ವ್ಯತ್ಯಾಸ ಸಣ್ಣದು. ಗೋಪುರದ ಕೆಳಗೆ ನಿಂತು ಲೆಕ್ಕ ಹಾಕಿದರೆ ಸಣ್ಣದಲ್ಲ. ನಗರದ ಗಿಡುಗಗಳು ಆರಿಸಿಕೊಳ್ಳುವುದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ 94 ಮೀಟರ್ ಎತ್ತರದ ಗಂಟೆ ಗೋಪುರ ಕ್ಯಾಂಪನೈಲ್, ಇಂಗ್ಲೆಂಡಿನ ನಾರ್ವಿಚ್ ಕೆಥೆಡ್ರಲ್‌ನ 96 ಮೀಟರ್ ಶಿಖರದಂಥ ಜಾಗಗಳನ್ನು. ಗೂಡು ಸಾಮಾನ್ಯವಾಗಿ ತುತ್ತತುದಿಗಿಂತ ಕೆಳಗಿನ ಸಜ್ಜಾದಲ್ಲಿರುತ್ತದೆ. ಗೂಡು 80 ಮೀಟರ್ ಮೇಲಿದ್ದು, ನೀವು ಗೋಪುರದ ಬುಡದಿಂದ 80 ಮೀಟರ್ ದೂರ ನಿಂತಿದ್ದೀರಿ ಎಂದುಕೊಳ್ಳಿ. ಕತ್ತು 45 ಡಿಗ್ರಿ ಮೇಲಕ್ಕೆ, ಗೂಡಿಗೆ ನೇರ ದೂರ 113 ಮೀಟರ್. ಅಲ್ಲಿ ಈ 8×42 ನಿಮಗೆ 16 ಮೀಟರ್ ಅಗಲದ ಆಕಾಶ ಕೊಡುತ್ತದೆ, 10×42 ಹದಿನಾಲ್ಕನ್ನೂ ಕೊಡುವುದಿಲ್ಲ. ಟ್ರೈಪಾಡಿನ ಮೇಲಿಟ್ಟು ಒಂದೇ ಕಣ್ಣಲ್ಲಿ ನೋಡುವ ದೂರದರ್ಶಕವಾದ ಸ್ಪಾಟಿಂಗ್ ಸ್ಕೋಪನ್ನು 60 ಪಟ್ಟಿಗೆ ಏರಿಸಿದರೆ ಉಳಿಯುವುದು ಎರಡೂಕಾಲು ಮೀಟರ್ ಚಿಲ್ಲರೆ. ಮರಿ ಸೆಕೆಂಡಿಗೆ 10 ಮೀಟರ್ ಹೋಗುತ್ತದೆ ಎಂದುಕೊಂಡರೂ ಸ್ಕೋಪಿನ ವೃತ್ತವನ್ನು ಅದು ಕಾಲು ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಕಣ್ಣು ಮಿಟುಕಿಸಿ ನೋಡಿದರೆ ಖಾಲಿ ಸಜ್ಜಾ.

ಇನ್ನು ಈ ಗಾಜು, ಅಂದರೆ ಬೈನಾಕ್ಯುಲರ್, ಏನನ್ನು ತೋರಿಸಬೇಕು ಎಂಬ ಮಾತು. ಮರಿಗಳು ಸಾಮಾನ್ಯವಾಗಿ 38ರಿಂದ 45 ದಿನದೊಳಗೆ ಹಾರುತ್ತವೆ. ಗಂಡು ಮರಿಗಳು ಹಗುರ, ಬೇಗ ಬೆಳೆಯುತ್ತವೆ, ಮೊದಲು ಹೊರಡುವುದೂ ಅವೇ. ಹೆಣ್ಣು ಮರಿಗಳು ದೊಡ್ಡವು, ಎರಡು ಮೂರು ದಿನ ತಡ. ದಿನ ಎಣಿಸುವುದಕ್ಕಿಂತ ಮೈ ನೋಡುವುದು ಮೇಲು. ಐದನೇ ವಾರದ ಹೊತ್ತಿಗೆ ಬಿಳಿ ತುಪ್ಪಳ ಉದುರಿ ಕಂದು ಗರಿ ಮೈತುಂಬುತ್ತದೆ. ಕೊನೆಗೆ ಉಳಿಯುವುದು ನೆತ್ತಿಯ ಮೇಲೊಂದು ಕುಚ್ಚು ತುಪ್ಪಳ ಮತ್ತು ರೆಕ್ಕೆಯ ಅಡಿಯಲ್ಲಿ ಒಂದಿಷ್ಟು. ಮರಿ ಗಾಳಿಗೆ ಎದುರಾಗಿ ನಿಂತು, ಉಗುರಿನಿಂದ ಅಂಚನ್ನು ಬಿಗಿಹಿಡಿದು, ರೆಕ್ಕೆಯನ್ನು ಜೋರಾಗಿ ಬಡಿಯುತ್ತದೆ. ಆಗ ಅದರ ಪಾದವನ್ನೇ ನೋಡಿ. ಮೊದಲೆರಡು ದಿನ ಉಗುರು ಕಲ್ಲು ಬಿಡುವುದಿಲ್ಲ. ಆಮೇಲೊಂದು ದಿನ, ಅದೇ ಬಡಿತದಲ್ಲಿ, ಎರಡೂ ಪಾದ ಕಲ್ಲಿನಿಂದ ಒಂದು ಬೆರಳಿನಷ್ಟು ಮೇಲೇಳುತ್ತವೆ, ಮತ್ತೆ ಇಳಿಯುತ್ತವೆ. ಮರಿ ತಾನೇ ಬೆಚ್ಚಿದಂತೆ ರೆಕ್ಕೆ ಮಡಚಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತದೆ. ಆ ಒಂದು ಬೆರಳಿನಷ್ಟು ಅಂತರ ಕಂಡ ಮೇಲೆ ಕಾವಲಿನ ಯಾರೂ ಚಹಾಕ್ಕೆ ಎದ್ದು ಹೋಗಬಾರದು.

113 ಮೀಟರನ್ನು ಎಂಟು ಪಟ್ಟು ಹತ್ತಿರ ತಂದರೆ 14 ಮೀಟರ್. ಅಷ್ಟು ದೂರದಿಂದ ಬರಿಗಣ್ಣಿಗೆ ಏನೇನು ಕಾಣುತ್ತದೋ ಈ ಬೈನಾಕ್ಯುಲರ್ ಹೆಚ್ಚುಕಡಿಮೆ ಅಷ್ಟನ್ನೇ ಕೊಡುತ್ತದೆ: ನಿಲುವು, ರೆಕ್ಕೆಯ ಬಡಿತ, ನೆತ್ತಿಯ ತುಪ್ಪಳ, ಪಾದ ಎದ್ದದ್ದು, ತಲೆಯನ್ನು ಮೇಲೆ ಕೆಳಗೆ ಆಡಿಸಿ ದೂರ ಅಳೆಯುವ ಆ ಕುಲುಕು. ಕಾಲುಂಗುರದ ಅಕ್ಷರ, ಅಂಕಿ ಓದಲು ಆಗುವುದಿಲ್ಲ. ಅದು ಸ್ಕೋಪಿನ ಕೆಲಸ.

ಉಂಗುರದ ವಿಷಯದಲ್ಲೇ ಇಲ್ಲಿನ ಇ.ಡಿ. ಗಾಜಿಗೆ, ಅಂದರೆ ಬಣ್ಣಗಳು ಚದುರುವುದನ್ನು ತಗ್ಗಿಸುವ ಮಸೂರದ ಗಾಜಿಗೆ, ಬೆಲೆ ಬರುವುದು. ಮರಿಗಳಿಗೆ ಮೂರು ವಾರದ ಆಸುಪಾಸಿನಲ್ಲಿ ಉಂಗುರ ತೊಡಿಸುವಾಗ, ಒಡಹುಟ್ಟುಗಳ ಗುರುತು ಸಿಗಲೆಂದು ಕೆಲವು ಕಡೆ ಲೋಹದ ಉಂಗುರಕ್ಕೆ ಬಣ್ಣದ ಟೇಪ್ ಸುತ್ತುತ್ತಾರೆ. ಕೆಂಪು ಹೋಯಿತೋ ಹಳದಿ ಹೋಯಿತೋ ಎಂಬುದರ ಮೇಲೆಯೇ ದಿನದ ಲೆಕ್ಕವೆಲ್ಲ ನಿಂತಿರುತ್ತದೆ. ಈಗ ದೃಶ್ಯ ಹೇಗಿರುತ್ತದೆ ನೋಡಿ: ಕಪ್ಪು ಹಕ್ಕಿ, ಹಿಂದೆ ಉರಿಯುವ ಬಿಳಿ ಆಕಾಶ. ಸಾಧಾರಣ ಗಾಜಿನಲ್ಲಿ ಇಂಥ ಹಕ್ಕಿಯ ಅಂಚಿಗೆ ನೇರಳೆ, ಹಸಿರು ಗೆರೆ ಮೂಡುತ್ತದೆ. ಹಾರುವಾಗ ಹಿಂದಕ್ಕೆ ಚಾಚಿದ ಕಾಲಿನ ಅಂಚಿನಲ್ಲಿ ಆ ಗೆರೆ ಕೂತರೆ ಟೇಪಿನ ಬಣ್ಣ ನಂಬುವಂತಿಲ್ಲ. ಎಂ7ನಲ್ಲಿ ನೋಟದ ನಡುಭಾಗದಲ್ಲಿ ಈ ಗೆರೆ ತೀರಾ ಕಡಿಮೆ. ಅಂಚಿಗೆ ಸರಿದಂತೆ ಕಾಣಿಸಿಕೊಳ್ಳುತ್ತದೆ, ಚಿತ್ರವೂ ಮೆದುವಾಗುತ್ತದೆ. ಇದರಲ್ಲಿ ನೋಟವನ್ನು ಸಮತಟ್ಟು ಮಾಡುವ ಫೀಲ್ಡ್ ಫ್ಲಾಟ್‌ನರ್ ಮಸೂರ ಇಲ್ಲ. ಅದು ಬೇಕೆಂದರೆ ಮೊನಾರ್ಕ್ ಎಚ್‌ಜಿ ಇದೆ, ಅದರ 8×42ರ ನೋಟದ ಅಗಲವೂ ಇದೇ 8.3 ಡಿಗ್ರಿ. ಆದರೆ ಕಾವಲಿಗೆ ಅಂಚಿನ ತೀಕ್ಷ್ಣತೆ ಅಷ್ಟೇನೂ ಬೇಡ. ಅಂಚಿನಲ್ಲಿ ಏನೋ ಅಲುಗಿತು ಎಂದು ತಿಳಿದರೆ ಸಾಕು, ನಡುವಿಗೆ ತಂದುಕೊಳ್ಳುವುದು ಕೈಗೆ ಬಿಟ್ಟದ್ದು. ಎಚ್‌ಜಿಗೆ ಹಾಕುವ ಹೆಚ್ಚಿನ ದುಡ್ಡನ್ನು ಟ್ರೈಪಾಡಿಗೆ ಹಾಕಿ ಎಂದೇ ನಮ್ಮ ಸಲಹೆ.

ತೂಕ 670 ಗ್ರಾಂ. ಕೈಯಲ್ಲಿ ಹಿಡಿದಾಗ ಹಗುರ ಅನಿಸುತ್ತದೆ, 45 ಡಿಗ್ರಿ ಮೇಲಕ್ಕೆ ಎತ್ತಿ ಹತ್ತು ನಿಮಿಷ ಹಿಡಿದಾಗ ಅಲ್ಲ. ಮೊಣಕೈಗೆ ಆಸರೆ ಇಲ್ಲದೆ ನಿಂತರೆ ತೋಳು ನಡುಗುತ್ತದೆ, ನಡುಕ ಬಂದಮೇಲೆ ಹತ್ತು ಪಟ್ಟಾದರೂ ಅಷ್ಟೆ, ಎಂಟು ಪಟ್ಟಾದರೂ ಅಷ್ಟೆ. ಹಿಂದಕ್ಕೆ ಒರಗುವ ಮಡಚು ಕುರ್ಚಿ ಈ ಬೈನಾಕ್ಯುಲರ್‌ನ ಅರ್ಧ ಭಾಗ ಎಂದೇ ತಿಳಿಯಬೇಕು. ಕುರ್ಚಿಯ ಕೈ ಮೇಲೆ ಮೊಣಕೈ ಊರಿ, ತಲೆಯನ್ನು ಹಿಂದಕ್ಕೆ ಆನಿಸಿ ಕೂತರೆ ಅರ್ಧ ಗಂಟೆ ಸಲೀಸು. ಕುರ್ಚಿ ಇಲ್ಲದಿದ್ದರೆ ಒಂಟಿ ಕಾಲಿನ ಆಸರೆ, ಮಾನೋಪಾಡ್. ಮುಂಭಾಗದ ತಿರುಪು ತೂತಿಗೆ ಅಡಾಪ್ಟರ್ ಕೂರುತ್ತದೆ, ಬೇರೆಯಾಗಿ ಕೊಳ್ಳಬೇಕು. ಜೊತೆಗೆ ಬರುವ ಕತ್ತಿನ ಪಟ್ಟಿ ಒಂದು ಪಾಳಿಗೆ ಸಾಕಾಗುವುದಿಲ್ಲ. ಭುಜದ ಮೇಲೆ ಭಾರ ಹಂಚುವ ಹಾರ್ನೆಸ್ ಹಾಕಿಕೊಳ್ಳಿ.

ಫೋಕಸ್ ಬಗ್ಗೆ ಒಂದು ಮಾತು, ಇದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ಬೆಳಿಗ್ಗೆ ಬಂದ ತಕ್ಷಣ ಗೂಡಿನ ಸಜ್ಜಾಕ್ಕೆ ಫೋಕಸ್ ಮಾಡಿ, ಚಕ್ರದ ಮೇಲೂ ಪಕ್ಕದ ಮೈ ಮೇಲೂ ಒಂದೊಂದು ಬಿಳಿ ಚುಕ್ಕೆ ಇಡಿ. ಎಂಟು ಪಟ್ಟಿನಲ್ಲಿ ಅಲ್ಲಿಂದ ಆಚೆಗೆ, ದೂರದ ಕಟ್ಟಡಗಳವರೆಗೂ, ಚಿತ್ರ ಕೆಲಸಕ್ಕೆ ಬರುವಷ್ಟು ಸ್ಪಷ್ಟವಾಗಿಯೇ ಇರುತ್ತದೆ. ತಾಯಿ ಗಿಡುಗ ತಲೆಯ ಮೇಲೆ 20 ಮೀಟರ್‌ನಲ್ಲಿ ಹಾದುಹೋದಾಗ ಚಕ್ರ ತಿರುಗಿಸುವ ಆಸೆ ಎಲ್ಲರಿಗೂ ಆಗುತ್ತದೆ. ತಿರುಗಿಸಿದಿರಾದರೆ ಚುಕ್ಕೆಗೆ ಚುಕ್ಕೆ ಸೇರಿಸಿ ಇಡಿ, ಇಲ್ಲವಾದರೆ ಮರಿ ಹಾರಿದ ಆ ಗಳಿಗೆಯಲ್ಲಿ ಮಸುಕು ಮೋಡ ನೋಡುತ್ತೀರಿ. ಎರಡು ಕಣ್ಣಿನ ನಂಬರಿನ ವ್ಯತ್ಯಾಸ ಸರಿಪಡಿಸುವ ಡಯಾಪ್ಟರ್ ಉಂಗುರಕ್ಕೆ ಬೀಗ ಇರುವುದು ಒಬ್ಬರೇ ಬಳಸುವಾಗ ವರ. ಕೈಯಿಂದ ಕೈಗೆ ದಾಟುವ ಕಾವಲಿನಲ್ಲಿ ಪ್ರತಿ ಪಾಳಿಯವರೂ ಅದನ್ನು ಬಿಚ್ಚಿ ತಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬೇಕು. ಎಷ್ಟೋ ಸಲ ಗಾಜು ಕೆಟ್ಟಿದೆ ಎಂದು ಬೈಯುವವರು ಹಿಂದಿನವರ ಬಲಗಣ್ಣಿನ ನಂಬರಿನಲ್ಲಿ ನೋಡುತ್ತಿರುತ್ತಾರೆ. ಕನ್ನಡಕದವರಿಗೆ 17.1 ಮಿಲಿಮೀಟರ್ ಐ ರಿಲೀಫ್ (ಪೂರ್ತಿ ನೋಟ ಸಿಗಲು ಕಣ್ಣಿಗೂ ಮಸೂರಕ್ಕೂ ಇರಬಹುದಾದ ಅಂತರ) ಸಾಕು, ಕಣ್ಣಿಗೆ ಒತ್ತುವ ರಬ್ಬರ್ ಬಟ್ಟಲು, ಅಂದರೆ ಐಕಪ್, ಪೂರ್ತಿ ಒಳಕ್ಕೆ ತಿರುಗಿಸಿ.

ಸ್ಕೋಪ್ ಬೇಡವೇ ಎಂದರೆ, ಬೇಕು, ಆದರೆ ತಂಡಕ್ಕೆ ಒಂದೇ ಒಂದು. 80 ಮಿಲಿಮೀಟರ್‌ನ ಆಸುಪಾಸಿನದು, ಕಣ್ಣಿನ ತುದಿ 45 ಡಿಗ್ರಿ ಬಾಗಿರುವಂಥದ್ದೇ ಆಗಬೇಕು. ಕೊಳವೆ 45 ಡಿಗ್ರಿ ಮೇಲೆ ನೋಡುವಾಗ ನೀವು ನೇರ ಎದುರಿಗೆ ನೋಡುತ್ತೀರಿ, ಕತ್ತಿಗೆ ನೋವಿಲ್ಲ. ನೇರ ಕೊಳವೆಯದ್ದಾದರೆ ಮಂಡಿಯೂರಿ ಅದರ ಅಡಿಗೆ ತೂರಬೇಕು. ಟ್ರೈಪಾಡಿನ ತಲೆ 45 ಡಿಗ್ರಿಗೂ ಹೆಚ್ಚು ಹಿಂದಕ್ಕೆ ಬಾಗುತ್ತದೆಯೇ ಎಂದು ಕೊಳ್ಳುವ ಮುಂಚೆಯೇ ಪರೀಕ್ಷಿಸಿ. ಎಷ್ಟೋ ತಲೆಗಳಲ್ಲಿ ಹಿಡಿಕೆ ಕಾಲಿಗೆ ತಗಲಿ ನಿಂತುಬಿಡುತ್ತದೆ. ಬೆಳಿಗ್ಗೆ ಹತ್ತರ ನಂತರ ಬಿಸಿಲಿಗೆ ಕಾದ ತಾರಸಿಗಳಿಂದ ಗಾಳಿ ಕುದಿಯತೊಡಗುತ್ತದೆ. 60 ಪಟ್ಟಿನಲ್ಲಿ ಮರಿ ನೀರಿನೊಳಗಿನ ಮೀನಿನಂತೆ ತೊನೆಯುತ್ತದೆ. ಆಗ ಸ್ಕೋಪನ್ನು 25–30ಕ್ಕೆ ಇಳಿಸಿ. ಟಾರು, ಸಿಮೆಂಟಿನ ಮೇಲೆ ನಿಲ್ಲಬೇಡಿ, ಹುಲ್ಲಿನ ಮೇಲೆ ನಿಲ್ಲಿ. ಅಲ್ಲಿಗೂ ಉಂಗುರ ಓದಲು ಆಗದಿದ್ದರೆ ಗಾಜಿನ ತಪ್ಪಲ್ಲ.

ಗೂಡಿನ ಕ್ಯಾಮೆರಾ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ನೇರ ಪ್ರಸಾರ ಎಂದರೂ ಚಿತ್ರ ಕೆಲವು ಸೆಕೆಂಡು ತಡವಾಗಿಯೇ ಬರುತ್ತದೆ, ಮರಿ ಚೌಕಟ್ಟಿನಿಂದ ಹೊರಬಿದ್ದ ಮೇಲೆ ಕ್ಯಾಮೆರಾಕ್ಕೆ ಹೇಳಲು ಏನೂ ಉಳಿದಿರುವುದಿಲ್ಲ.

ಬಳಸುವ ಬಗೆ ಗೊತ್ತಿಲ್ಲದಿದ್ದರೆ ಒಳ್ಳೆಯ ಬೈನಾಕ್ಯುಲರ್ ಕೂಡ ಹಕ್ಕಿ ಕಳೆಯುತ್ತದೆ. ಕಣ್ಣನ್ನು ಹಕ್ಕಿಯ ಮೇಲಿಂದ ತೆಗೆಯದೆ ಗಾಜನ್ನು ಕಣ್ಣಿನ ಬಳಿಗೆ ತನ್ನಿ. ಗಾಜು ನೋಡಲು ತಲೆ ಬಗ್ಗಿಸಿದವರಿಗೆ ಹಕ್ಕಿ ಮತ್ತೆ ಸಿಗುವುದಿಲ್ಲ. ಹಕ್ಕಿ ಹಿಡಿದವರು ಬರೆಯಬಾರದು, ಬಾಯಲ್ಲಿ ಹೇಳುತ್ತಾ ಹೋಗಬೇಕು: "ಹಳದಿ, ಉತ್ತರಕ್ಕೆ, ಇಳೀತಿದೆ, ಕಾಲು ಜೋತುಬಿದ್ದಿದೆ, ಬಿಳಿ ಕಟ್ಟಡ, ಮೇಲಿಂದ ಮೂರನೇ ಕಿಟಕಿ ಸಾಲು." ಬರೆಯುವವರು ಪಕ್ಕದಲ್ಲಿ ಇನ್ನೊಬ್ಬರು. ಮೂರನೆಯವರು ಗೂಡನ್ನೇ ನೋಡುತ್ತಿರಬೇಕು. ಒಂದು ಮರಿ ಹಾರಿದ್ದನ್ನು ಎಲ್ಲರೂ ಬಾಯಿಬಿಟ್ಟು ನೋಡುತ್ತಿರುವಾಗಲೇ ಎರಡನೆಯದು ಅದರ ಹಿಂದೆ ಹೊರಡುವುದುಂಟು. ಗಾಜಿನ ಗೋಡೆಯ ಕಟ್ಟಡ ಹತ್ತಿರದಲ್ಲಿದ್ದರೆ ಪ್ರತಿಬಿಂಬವನ್ನು ಇನ್ನೊಂದು ಮರಿ ಎಂದು ಎಣಿಸಿಬಿಡಬೇಡಿ. ಮರಿಗಳೂ ಅದೇ ಮೋಸಕ್ಕೆ ಬೀಳುತ್ತವೆ, ಗಾಜಿನಲ್ಲಿ ಆಕಾಶ ಕಂಡು ನೇರ ನುಗ್ಗುತ್ತವೆ. ಮೊದಲ ವಾರದ ಸಾವುಗಳಿಗೆ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಅಂಥ ಗೋಡೆ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಒಬ್ಬರನ್ನು ಮೊದಲೇ ನಿಲ್ಲಿಸಿ. ಮರಿ ಸೂರ್ಯನ ಕಡೆಗೆ ತಿರುಗಿದರೆ ಬೈನಾಕ್ಯುಲರ್ ಇಳಿಸಿಬಿಡಿ. ಯಾವ ಮರಿಗಾಗಿಯೂ ಕಣ್ಣು ಸುಟ್ಟುಕೊಳ್ಳುವಂತಿಲ್ಲ.

ಮರಿ ನೆಲಕ್ಕೆ ಬಿದ್ದಿದೆ ಎಂದು ಗೊತ್ತಾದಾಗ ಬೈನಾಕ್ಯುಲರ್‌ನ ಕೆಲಸ ಮುಗಿಯಿತು. ಎಳೆಯ ಗಿಡುಗಕ್ಕೆ ಸಮತಟ್ಟು ನೆಲದಿಂದ ಮೇಲೇಳುವ ಬಲ ಇನ್ನೂ ಬಂದಿರುವುದಿಲ್ಲ, ಹತ್ತಡಿ ಎತ್ತರದ ಗೋಡೆ ಸಿಕ್ಕರೆ ಸಾಕು. ಜನ, ವಾಹನ, ನಾಯಿ ತಡೆದು ಸುತ್ತ ನಿಲ್ಲಿ, ಮುಟ್ಟುವುದನ್ನು ಪರವಾನಗಿ ಇರುವವರಿಗೆ ಬಿಡಿ. ಗಾಳಿ ತೂತಿರುವ ರಟ್ಟಿನ ಪೆಟ್ಟಿಗೆ, ದಪ್ಪ ಟವೆಲ್, ಕೈಗವಸು ಪಾಳಿಯ ಚೀಲದಲ್ಲಿ ಯಾವತ್ತೂ ಇರಲಿ. ಗಾಯವಿಲ್ಲದ ಮರಿಯನ್ನು ಮತ್ತೆ ತಾರಸಿಗೇ ಬಿಡುತ್ತಾರೆ, ಅಲ್ಲಿಂದ ಅದು ಎರಡನೇ ಸಲ ಹಾರುತ್ತದೆ.

ಕೊರತೆಗಳಲ್ಲಿ ಮುಖ್ಯವಾದದ್ದು ಕೆಳಗಿಳಿದ ಸೂರ್ಯನದು. ಸೂರ್ಯ ನೋಟದ ಹೊರಗಿದ್ದರೂ ಹತ್ತಿರದಲ್ಲೇ ಇದ್ದಾಗ ಚಿತ್ರದ ಒಂದು ಬದಿ ಹಾಲು ಚೆಲ್ಲಿದಂತೆ ಬೆಳ್ಳಗಾಗಬಹುದು. ಟೋಪಿಯ ಅಂಚನ್ನು ಮುಂದಿನ ಮಸೂರಗಳಿಗೆ ನೆರಳು ಬೀಳುವಂತೆ ಹಿಡಿದರೆ ಬಹುಪಾಲು ಹೋಗುತ್ತದೆ. ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಬೆನ್ನು ಮಾಡಿ ಕೂತರೆ ಆ ತೊಂದರೆಯೇ ಬರುವುದಿಲ್ಲ. ಮಳೆ ಬಂದರೆ ಹೆದರಬೇಕಿಲ್ಲ, ನೀರು ಒಳಗೆ ಹೋಗದಂತೆ ಮೈ ಮುಚ್ಚಿದೆ. ಒರೆಸುವ ಮುನ್ನ ಧೂಳು ಊದಿ ತೆಗೆಯಿರಿ ಅಷ್ಟೆ.

ಸಂಜೆಯ ಕೊನೆಯ ಎಣಿಕೆಗೆ 42 ಮಿಲಿಮೀಟರ್ ಮಸೂರ ತನ್ನ ಬೆಲೆ ತೀರಿಸುತ್ತದೆ. ಅದನ್ನು ಎಂಟರಿಂದ ಭಾಗಿಸಿದರೆ, ಕಣ್ಣಿಗೆ ತಲುಪುವ ಬೆಳಕಿನ ಬಿಂದುವಿನ ಅಗಲ 5.25 ಮಿಲಿಮೀಟರ್, 10×42ಗೆ 4.2 ಮಾತ್ರ. ಬೀದಿ ದೀಪ ಹತ್ತಿದ ಮೇಲೂ ಕಪ್ಪು ಕಲ್ಲಿನ ಮೇಲಿನ ಕಂದು ಮರಿ ಇದರಲ್ಲಿ ಬೇರೆಯಾಗಿ ಕಾಣುತ್ತದೆ. ಮೇಲಿನ ಸಜ್ಜಾದಿಂದ ಶುರುಮಾಡಿ, ಒಂದೊಂದು ಮೂಲೆಯಲ್ಲೂ ಹತ್ತು ಸೆಕೆಂಡು ನಿಂತು, ಕೆಳಗಿನವರೆಗೆ ಬನ್ನಿ. ಮಲಗಿದ ಮರಿ ಅಲುಗುವುದಿಲ್ಲ, ಎದೆಯ ಮಸುಕು ಬಿಳುಪೊಂದೇ ಗುರುತು. ಸಂಖ್ಯೆ ಸರಿಹೋಗುವವರೆಗೆ ಬೈನಾಕ್ಯುಲರನ್ನು ಚೀಲಕ್ಕೆ ಹಾಕಬೇಡಿ.